ಅಣ್ಣನ ಒಂಟಿಗಾಲಿ ಗಾಡಿ

"ಇದು ರಿಪೇರಿ ಆಗಂಗಿಲ್ಲ. ತಗೊಂಡು ಹೋಗ್ರಿ!"

ಸಿದ್ದರಾಮೇಶ ತಲೆಯೆತ್ತಿ ನೋಡಲೂ ಇಲ್ಲ. ನಾಗರತ್ನಾ ಅಂಗಡಿಯ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. ಆ ಭಾರದ ಗಾಡಿಯನ್ನು ಆಳಂದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯವರೆಗೆ ಹೊತ್ತು ತಂದು ಅವಳ ಕೈಗಳು ಸೋತಿದ್ದವು.

"ಮುಟ್ಟಿ ಸೈತ ನೋಡಲಿಲ್ಲಲ್ರೀ..."

"ನೋಡೋದೇನದ? ವರ್ಷಗಟ್ಲೆ ಮೂಲ್ಯಾಗ ಇಟ್ರ ಬ್ಯಾಟರಿ ಸತ್ತಿರ್ತದ."

ಅವನ ದನಿ ನಡುಗಿತೇ? ಇಲ್ಲ, ನನ್ನ ಭ್ರಮೆ... ಈ ಕಲ್ಲಿನಂಥ ಮನುಷ್ಯನಿಗೆ ನಡುಕ ಎಲ್ಲಿಂದ ಬರಬೇಕು, ಎಂದುಕೊಂಡಳು ನಾಗರತ್ನಾ.

ಅದು ಅವಳ ಅಣ್ಣ ಶ್ರೀಮಂತನ ಎಲೆಕ್ಟ್ರಿಕ್ ಯುನಿಸೈಕಲ್. ಸೋಲಾಪುರದಲ್ಲಿ ಯಾರೋ ಬಳಸಿ ಮಾರಿದ್ದು. ಒಂದೇ ಚಕ್ರ, ಸೀಟಿಲ್ಲ, ಹ್ಯಾಂಡಲ್ ಇಲ್ಲ. ಎರಡೂ ಬದಿಗೆ ಪಾದವೂರಿ ನಿಂತು ಮೈ ಮುಂದಕ್ಕೆ ಬಾಗಿಸಿದರೆ ಓಡುತ್ತಿತ್ತು. ತೊಗರಿ ಮಾರಲು ಬಂದ ರೈತರು ಟ್ರ್ಯಾಕ್ಟರ್ ನಿಲ್ಲಿಸಿ ನೋಡುತ್ತಿದ್ದರು.

ಜೇವರ್ಗಿ ರಸ್ತೆಯಲ್ಲಿ ಬೈಕು ಮರಕ್ಕೆ ಬಡಿದು ಶ್ರೀಮಂತ ತೀರಿಕೊಂಡು, ಬರುವ ಸೋಮವಾರಕ್ಕೆ ಒಂದು ವರ್ಷ.

"ಒಮ್ಮೆ ಅದು ಚಾಲೂ ಆಗಿ ಕುಂಯ್ ಅಂದ್ರ ಸಾಕವಾ... ನನ್ನ ಮಗ ಮನಿಗೆ ಬಂದಂಗ ಆಗ್ತದ" ಎಂದು ಅವ್ವ ನಿಂಬೆವ್ವ ನಿನ್ನೆ ಕಣ್ಣೊರೆಸಿಕೊಂಡಿದ್ದಳು. ನಾಗರತ್ನಾ ಚಾರ್ಜರ್ ಚುಚ್ಚಿದರೆ ಅದರ ದೀಪ ಹಸಿರಾಗಿಯೇ ಉಳಿಯಿತು. ಚಾರ್ಜ್ ಆಗುವಾಗ ಅದು ಕೆಂಪಾಗಬೇಕಿತ್ತು.

ಸಿದ್ದರಾಮೇಶ ಅಣ್ಣನ ಜೀವದ ಗೆಳೆಯ. ಅವರ ಮನೆಯಲ್ಲೇ ಉಂಡು ಬೆಳೆದವನು. ಅವನು ನೀರು ಕೇಳಿದರೆ ನಾಗರತ್ನಾ ಚಹಾ ತಂದುಕೊಡುತ್ತಿದ್ದಳು. ಆ ಚಹಾದ ಅರ್ಥ ಅವನಿಗೆ ತಿಳಿದಿತ್ತೆಂದೇ ಅವಳು ನಂಬಿದ್ದಳು. ಆದರೆ ಅಣ್ಣನನ್ನು ಮಣ್ಣು ಮಾಡುವ ದಿನವೂ ಅವನು ಬರಲಿಲ್ಲ! ಒಂದು ವರ್ಷ ಅವರ ಓಣಿಯಲ್ಲಿ ಹಾಯಲಿಲ್ಲ.

"ಬ್ಯಾರೆ ಕಡೆ ತೋರಿಸ್ತೇನಿ. ಆಳಂದದಾಗ ನೀವೊಬ್ರೇ ಹುಟ್ಟಿಲ್ಲ" ಎಂದು ಅವಳು ಗಾಡಿ ಎತ್ತಿಕೊಂಡಳು.

"ನಾಗರತ್ನಾ... ಅದನ್ನ ಬಿಚ್ಚಿಸಬ್ಯಾಡ್ರಿ."

ಅವಳು ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಗಾಡಿ ಸಮೇತ ಬಸ್ ಹತ್ತಿ ಅಫಜಲಪುರಕ್ಕೆ ಹೋದಳು. ಕಾಲೇಜಿನ ಗೆಳತಿ ಖುರ್ಷಿದ ಅಲ್ಲಿ ಅಪ್ಪನ ಅಂಗಡಿಯಲ್ಲಿ ಸ್ಕೂಟರ್ ಬ್ಯಾಟರಿ ರಿಪೇರಿ ಮಾಡುತ್ತಿದ್ದಳು.

ಖುರ್ಷಿದ ಮೊದಲು ಚಾರ್ಜರಿಗೆ ಮೀಟರ್ ಹಿಡಿದಳು. "ಚಾರ್ಜರ್ ಬರೋಬ್ಬರಿ ಅದ. ಎಂಬತ್ನಾಲ್ಕು ವೋಲ್ಟ್ ಬರಾಕತ್ತದ." ಗಾಡಿಯ ಚಾರ್ಜಿಂಗ್ ತೂತಿಗೆ ಟಾರ್ಚ್ ಬಿಟ್ಟಳು. ಪಿನ್ನು ಬಾಗಿರಲಿಲ್ಲ, ತುಕ್ಕು ಹಿಡಿದಿರಲಿಲ್ಲ. ಪಕ್ಕದ ಮುಚ್ಚಳ ಬಿಚ್ಚಿ ಬ್ಯಾಟರಿ ಅಳೆದಳು. "ಚಾರ್ಜ್ ಇಳದದ, ಆದ್ರ ಸತ್ತಿಲ್ಲ ಬೇ."

ಆಮೇಲೆ ಟಾರ್ಚನ್ನು ಒಳಗಿನ ತಂತಿಗಳ ಹತ್ತಿರ ಒಯ್ದಳು.

"ಏನಾತು?"

"ಇಲ್ನೋಡು. ತೂತಿನಿಂದ ಬ್ಯಾಟರಿಗೆ ಹೋಗೋ ತಂತಿ ಕಡಿದಾರ. ತಾನಾಗೇ ಹರಿದದ್ದಲ್ಲ. ಕಟಿಂಗ್ ಪ್ಲೇಯರಿನಿಂದ ಕಡಿದು, ಎರಡೂ ತುದಿಗೆ ಟೇಪ್ ಸುತ್ತಾರ. ಯಾರೋ ಬೇಕಂತ ಮಾಡಿದ ಕೆಲಸ!"

ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿತ್ತು. ರಿಪೇರಿಗೆ ಬಿಚ್ಚಿದ ಯಂತ್ರಕ್ಕೆಲ್ಲ ಅಂಗಡಿಯವರು ಅಂಟಿಸುವಂಥದು. ಸಿದ್ದರಾಮೇಶನ ಅಂಗಡಿಯ ಹೆಸರು, ಕೆಳಗೆ ತಾರೀಖು.

ಅಣ್ಣ ಸಾಯುವ ಮೂರು ದಿನ ಮೊದಲಿನ ತಾರೀಖು.

"ಜೋಡಿಸ್ಲೇನು?" ಖುರ್ಷಿದ ಮೆಲ್ಲಗೆ ಕೇಳಿದಳು.

"ಬ್ಯಾಡ. ಕಡಿದವರೇ ಜೋಡಿಸ್ಲಿ."

ಮಧ್ಯಾಹ್ನ ಆಳಂದಕ್ಕೆ ಮರಳಿ ಗಾಡಿಯನ್ನು ಸಿದ್ದರಾಮೇಶನ ಮೇಜಿನ ಮೇಲೆ ಇಟ್ಟಾಗ ಅವನ ಮುಖ ಬಿಳಿಚಿತು.

"ನನ್ನ ಅಣ್ಣ ನಿಮಗ ಏನ್ ಮಾಡಿದ್ದ್ರಿ?" ಅವಳು ಚೀರಿದಳು.

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಅವನಿಗೆ ಫಿಟ್ಸ್ ಬರ್ತಿದ್ವು. ಎರಡು ಸಲ ನನ್ನ ಕಣ್ಣೆದುರೇ ಬಿದ್ದ. ಮನ್ಯಾಗ ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡ. ಈ ಒಂಟಿಗಾಲಿ ಮ್ಯಾಲ ಫಿಟ್ಸ್ ಬಂದ್ರ ಗತಿ ಏನು ಅಂತ ನಾನೇ ತಂತಿ ಕಡಿದೆ. ಡಾಕ್ಟರಿಗೆ ತೋರಿಸು, ಜೋಡಿಸ್ತೇನಿ ಅಂದೆ. ಸಿಟ್ಟು ಮಾಡಿ ಹೋದ... ಮೂರು ದಿನಕ್ಕ ಬೈಕ್ ಹತ್ತಿದ. ಅದರ ಮ್ಯಾಲ ಫಿಟ್ಸ್ ಬಂದೇ ಮರಕ್ಕ ಬಡದಿರಬೇಕು."

ಅವನು ಗಾಡಿಯ ಚಕ್ರದ ಮೇಲೆ ಕೈಯಿಟ್ಟ.

"ಈ ಗಾಡಿ ಸುಸೂತ್ರ ಇದ್ದಿದ್ರ ಅವ ಬೈಕ್ ಮುಟ್ತಿದ್ದಿಲ್ಲ. ನಾನೇ ಕೊಂದೆ ನಾಗರತ್ನಾ! ಯಾವ ಮಾರಿ ಹೊತ್ತು ಮಣ್ಣಿಗೆ ಬರ್ಲಿ?"

"ನಮಗೊಂದು ಮಾತು ಹೇಳಿದ್ರ..." ಅವಳಿಗೆ ಸಿಟ್ಟು ಉಕ್ಕಿ ಬಂತು, ಅದರ ಹಿಂದೆಯೇ ಅಳು. ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದಳು.

"ಹೇಳಬೇಕಿತ್ತು. ಆಣಿಗಿಂತ ಜೀವ ದೊಡ್ಡದು ಅಂತ ನನಗ ತಡವಾಗಿ ತಿಳೀತು. ಅದು ನನ್ನ ತಪ್ಪೇ."

ನಾನೂ ಹೇಳಲೇ? ನಾಗರತ್ನಾ ತನ್ನೊಳಗೇ ಕೇಳಿಕೊಂಡಳು. ಒಂದು ವರ್ಷದಿಂದ ಅವ್ವನಿಗೂ ಹೇಳದ ಮಾತು...

"ಅವತ್ತು ನಾ ಪರೀಕ್ಷಾಕ್ಕ ಜೇವರ್ಗಿಗೆ ಹೋಗಿದ್ದೆ. ಬಸ್ ತಪ್ತು. ಬಂದು ಕರ್ಕೊಂಡು ಹೋಗಣ್ಣ ಅಂತ ನಾನೇ ಫೋನ್ ಮಾಡಿದೆ. ಅಷ್ಟು ದೂರದಿಂದ ಈ ಒಂದು ಗಾಲಿ ಮ್ಯಾಲ ಇಬ್ರು ಬರಾಕ ಆಗ್ತಿತ್ತೇನ್ರಿ? ತಂತಿ ಇದ್ರೂ ಅವ ಬೈಕೇ ತರ್ತಿದ್ದ..."

ಸಿದ್ದರಾಮೇಶ ಅವಳನ್ನೇ ನೋಡಿದ. ಆ ಸಾವನ್ನು ಒಂದು ವರ್ಷ ತಾನೊಬ್ಬನೇ ಹೊತ್ತಿದ್ದೇನೆಂದುಕೊಂಡಿದ್ದ. ಎರಡು ಓಣಿಯಾಚೆ ಇವಳೂ ಹೊತ್ತಿದ್ದಳು!

"ನಿಮಗ ಫಿಟ್ಸಿನ ಸುದ್ದಿ ಗೊತ್ತಿದ್ದಿಲ್ಲ. ಗೊತ್ತಿದ್ರ ಕರೀತಿದ್ದಿಲ್ಲ. ನಿಮ್ಮ ತಪ್ಪಿಲ್ಲ ಅದರಾಗ."

ಅವನು ಟೇಪ್ ಬಿಚ್ಚಿ, ತಂತಿಗಳನ್ನು ಬೆಸೆದ. ಎರಡು ಸಲ ಬೆಸುಗೆ ಜಾರಿತು. ಮೂರನೆಯ ಸಲ ಚಾರ್ಜರಿನ ದೀಪ ಕೆಂಪಾಯಿತು. ಇಬ್ಬರೂ ಅದನ್ನು ನೋಡುತ್ತ ಕುಳಿತರು. ಯಾರ ಮುಖದಲ್ಲೂ ನಗುವಿರಲಿಲ್ಲ.

"ತುಂಬಿದ ಮ್ಯಾಲ ಒಯ್ಯಿರಿ" ಎಂದ ಅವನು.

"ನೀವೇ ತರ್ರಿ. ಅವ್ವಗ ಎಲ್ಲಾ ಹೇಳೂಣು. ನಿಮ್ಮದೂ, ನನ್ನದೂ."

"ಅವ್ವ ಬಾಗಲಾ ಹಾಕ್ಕೊಂಡ್ರ?"

"ತೆಗಿಯೋ ತನಕಾ ಕಟ್ಟಿ ಮ್ಯಾಲ ಕೂಡ್ರೂಣು."

"ಕೂಡ್ರೂಣು ಅಂತೀರಿ... ನನ್ನ ಜೋಡಿ ನೀವ್ಯಾಕ್ರಿ ಕೂಡ್ರಬೇಕು?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಣ್ಣನ್ನ ಮಣ್ಣು ಮಾಡೋ ದಿನಾ ಎಲ್ಲರೂ ಅವನ್ನ ನೋಡಾಕತ್ತಿದ್ರು. ನಾ ಬಾಗಲಾ ನೋಡಾಕತ್ತಿದ್ದೆ. ನೀವು ಬರ್ತೀರಂತ."

ಅವನ ಕಣ್ಣು ತುಂಬಿ ಹರಿಯಿತು.

"ಇವತ್ತು ಬರ್ತೇನಿ, ರತ್ನಾ. ತಡಾ ಆತು... ಆದ್ರ ಬರ್ತೇನಿ."

"ಬರ್ರಿ."