ಎಡಕ್ಕೆ ಮೂವತ್ತೇಳು, ಬಲಕ್ಕೆ ನಲವತ್ತು

"ಎಳೀರಿ ಮಾರಾಯ್ರೆ, ಕಾಲೇ ಕಿತ್ತು ಬಂದ್ರೂ ಅಡ್ಡಿಯಿಲ್ಲ!"

ಅಂಗಡಿಯ ಅಬ್ದುಲ್ ಸಲಾಂ ಬೂಟಿನ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಮೈರಾ ಸ್ಟೂಲಿನ ಸಮೇತ ಅರ್ಧ ಅಡಿ ಮುಂದೆ ಬಂದಳು. ಬೂಟು ಮಾತ್ರ ಅವಳ ಬಲಗಾಲನ್ನು ಬಿಡಲಿಲ್ಲ. ದೋಹಾದ ನಜ್ಮಾ ಪೇಟೆಯ ಆ ಇಕ್ಕಟ್ಟಿನ ಅಂಗಡಿಯಲ್ಲಿ ಅವಳು ಹಾಕಿ ನೋಡಿದ ಎಂಟನೆಯ ಹೈಕಿಂಗ್ ಬೂಟು ಅದು. ಮೊದಲ ಏಳು ಒಳಗೆ ಹೋಗಲು ಒಪ್ಪಿರಲಿಲ್ಲ, ಇದು ಹೊರಗೆ ಬರಲು ಒಪ್ಪುತ್ತಿರಲಿಲ್ಲ.

"ಜಗ್ಗಬ್ಯಾಡ್ರಿ. ಲೇಸು ಕೆಳಗಿನ ತನಕ ಸಡಲ ಮಾಡ್ರಿ."

ಎದುರಿನ ಬೆಂಚಿನಲ್ಲಿ, ಸೇಫ್ಟಿ ಬೂಟುಗಳ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತಿದ್ದವನು ನಗುತ್ತಿದ್ದ. ಎದ್ದು ಬಂದು ಮೊಣಕಾಲೂರಿದ. ಒಂದೊಂದೇ ತೂತಿನಿಂದ ಲೇಸನ್ನು ಸಡಿಲಿಸಿದ. ಬೂಟು ತಾನಾಗಿ ಕಳಚಿ ಬಿತ್ತು.

"ನೀವೆಂತ, ಕಾಲಿನ ಡಾಕ್ಟ್ರಾ?"

"ಸ್ಟೋರ್‌ಕೀಪರ್ ಅದೀನ್ರಿ, ಪಂಚಪ್ಪ ಅಂತ. ನಮ್ಮ ಕಂಪನ್ಯಾಗ ನಾಕನೂರು ಮಂದಿಗೆ ಬೂಟು ಕೊಡಾಂವ ನಾನ. ಇಂಥ ಕಾಲು ಭಾಳ ನೋಡೀನಿ. ಮುಂದ ಅಗಲ, ಹಿಂದ ಸಣ್ಣ."

"ನನ್ನ ಕಾಲು ನಿಮ್ಮ ಸ್ಟೋರಿನ ಸಾಮಾನಲ್ಲ."

"ಖರೇರಿ. ಸ್ಟೋರಿನ ಸಾಮಾನು ಇಷ್ಟು ಮಾತಾಡೂದಿಲ್ಲ."

ಬರುತ್ತಿದ್ದ ನಗುವನ್ನು ಮೈರಾ ಹಲ್ಲು ಕಚ್ಚಿ ತಡೆದಳು. ಅವನು ಪೆಟ್ಟಿಗೆಯ ಮುಚ್ಚಳವೊಂದನ್ನು ಹರಿದು ನೆಲಕ್ಕೆ ಹಾಸಿದ. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದ.

"ಭಾರ ಬಿಟ್ಟು ನಿಂದರ್ರಿ. ಸಂಜಿ ಆಗೇತಿ, ಛಲೋ ಆತು. ದಿನಾ ಪೂರ್ತಿ ದುಡದ ಕಾಲು ಸಂಜಿಗೆ ತನ್ನ ಖರೇ ಅಳತಿ ಹೇಳ್ತದ."

ಪೆನ್ಸಿಲ್ ಪಾದದ ಸುತ್ತ ಹರಿಯಿತು. ಕಿರುಬೆರಳ ಬಳಿ ಕಚಗುಳಿಯಾಯಿತು. ಅವಳು ಉಸಿರು ಹಿಡಿದಳು. ಅವನಿಗೆ ತಿಳಿದಿರಬೇಕು, ಅಲ್ಲಿ ಒಂದು ಕ್ಷಣ ಹೆಚ್ಚೇ ನಿಂತ.

"ಎಡದ್ದು?"

"ಅದೂ ಹೀಗೇ," ಎಂದಳು. ಸಾಕ್ಸ್ ಬಿಚ್ಚಲಿಲ್ಲ.

ಸುಳ್ಳು. ಒಳಕ್ಕೆ ತಿರುಚಿಕೊಂಡ ಎಡಪಾದದೊಂದಿಗೆ ಹುಟ್ಟಿದವಳು ಮೈರಾ. ಐದು ವರ್ಷ ತುಂಬುವ ಮೊದಲೇ ಮಂಗಳೂರಿನಲ್ಲಿ ಮೂರು ಆಪರೇಷನ್ ಆಗಿತ್ತು. ಪಾದ ನೇರವಾಯಿತು, ಆದರೆ ಬೆಳೆಯುವುದರಲ್ಲಿ ಹಿಂದೆ ಬಿತ್ತು. ಶೂಗಳ ತುದಿಗೆ ಹತ್ತಿ ತುರುಕುವುದನ್ನು ಮಮ್ಮಿ ಕಲಿಸಿದ್ದರು. ದೋಹಾದ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಒಬ್ಬನೇ, ಹೈಕಿಂಗ್ ಗುಂಪಿನ ಲೀಡರ್ ಝೇವಿಯರ್. ಕಳೆದ ಚಳಿಗಾಲದಲ್ಲಿ ಅವಳು ಕುಂಟಿದ್ದನ್ನು ಕಂಡಿದ್ದ. ಅಂದಿನಿಂದ ಅವಳ ಕೆಲಸ ಜೀಪಿನ ಬಳಿ ಕೂತು ಬ್ಯಾಗುಗಳನ್ನೂ ಬಿರಿಯಾನಿಯ ಡಬ್ಬವನ್ನೂ ಕಾಯುವುದು. "ನಿನಗೆ ಕಷ್ಟ ಅಲ್ವಾ," ಎಂದು ಅವನು ಮೆಲ್ಲಗೆ ಹೇಳುತ್ತಿದ್ದ. ಆ ಮೆಲುದನಿ ಅವಳ ಮೈ ಉರಿಸುತ್ತಿತ್ತು.

ಈ ಈದ್ ರಜೆಗೆ ಗುಂಪು ಒಮಾನಿನ ಬೆಟ್ಟ ಹತ್ತಲಿತ್ತು. ಅದಕ್ಕೆ ಮೊದಲು ದೋಹಾದಾಚೆಯ ಜಿಕ್ರೀತಿನ ಕಲ್ಲುನೆಲದಲ್ಲಿ ಹನ್ನೆರಡು ಕಿಲೋಮೀಟರ್ ನಡೆದು ಮುಗಿಸಿದವರಿಗೆ ಮಾತ್ರ ಲಿಸ್ಟಿನಲ್ಲಿ ಜಾಗ. ಆ ನಡಿಗೆಗೆ ಮೈರಾಳ ಕೈಯಲ್ಲಿ ಇನ್ನು ಎರಡು ವಾರವಿತ್ತು.

ಮೂರನೆಯ ಸಂಜೆ ಪಂಚಪ್ಪ ಅದೇ ಅಂಗಡಿಯಲ್ಲಿ ಒಂದು ಜೋಡಿ ಹುಡುಕಿಟ್ಟಿದ್ದ. ಬಲಗಾಲು ಒಳಹೊಕ್ಕು, ಮನೆ ಸೇರಿದ ಹಾಗೆ ಕೂತಿತು. ಎಡಗಾಲು ಎತ್ತಿದಳು. ಕಾಲು ಬಂತು, ಬೂಟು ನೆಲದಲ್ಲೇ ಉಳಿಯಿತು.

ಪಂಚಪ್ಪ ಅದನ್ನೇ ನೋಡಿದ. ಅವನ ಮುಖ ಕೆಂಪಾಯಿತು.

"ಸುಳ್ಳ್ಯಾಕ ಹೇಳಿದ್ರಿ?"

"ಪಾಪ ಅಂತೀರಿ ಅಂತ."

"ಪಾಪ ಯಾಕ ಅನ್ಲಿ? ಅಳತಿ ತಪ್ಪಿಸಿದ್ರಲ್ಲ, ಸಿಟ್ಟು ಬಂದೇತಿ ನನಗ!"

ಕನಿಕರಕ್ಕೆ ಏನು ಉತ್ತರ ಕೊಡಬೇಕೆಂದು ಮೈರಾಳಿಗೆ ಬಾಯಿಪಾಠವಾಗಿತ್ತು. ಇದು ಕನಿಕರವಲ್ಲ, ಸಿಟ್ಟು. ಕೂತಳು. ಸಾಕ್ಸ್ ಸುರುಳಿ ಸುತ್ತಿ ತೆಗೆದಳು. ಅಬ್ದುಲ್ ಸಲಾಂ ಕಪಾಟಿನ ಕಡೆ ತಿರುಗಿಕೊಂಡ.

ಈ ಸಲ ಪೆನ್ಸಿಲ್ ಮೆಲ್ಲನೆ ನಡೆಯಿತು. ಹೊಲಿಗೆಯ ಹಳೆಯ ಗೆರೆಯ ಬಳಿ ಬಂದು, ಮಲಗಿದವರನ್ನು ಎಬ್ಬಿಸಬಾರದೆಂಬಂತೆ ಬಳಸಿ ಹೋಯಿತು.

"ತಣ್ಣಗೈತೇನ್ರಿ ಪೆನ್ಸಿಲ್?"

"ಇಲ್ಲ."

"ಮತ್ತ್ಯಾಕ ನಡಗಾಕತ್ತೀರಿ?"

"ನೀವು ಕೆಳಗೆ ನೋಡಿ ಬರೀರಿ."

ಅವನು ಆಗಲೇ ತಲೆಯೆತ್ತಿದ. ಎರಡು ಕ್ಷಣ. ಪೆನ್ಸಿಲ್ ರಟ್ಟು ಬಿಟ್ಟು ಅಂಗಡಿಯ ಟೈಲ್ಸಿನ ಮೇಲೆ ಗೆರೆ ಎಳೆದಿತ್ತು.

ಎಡಕ್ಕೆ ಮೂವತ್ತೇಳು, ಬಲಕ್ಕೆ ನಲವತ್ತು.

"ಜೋಡಿ ಒಡೀಲಿಕ್ಕೆ ಆಗುದಿಲ್ಲ ಮೇಡಂ," ಎಂದ ಅಬ್ದುಲ್ ಸಲಾಂ. "ಉಳಿದದ್ದನ್ನು ನಾನು ಯಾರ ಕಾಲಿಗೆ ಹಾಕುದು? ಖಲಾಸ್."

"ಎರಡೂ ಜೋಡಿ ಕೊಡಿ," ಎಂದಳು ಮೈರಾ.

ಪಂಚಪ್ಪನ ಕೈ ಜೇಬಿಗೆ ಹೋಯಿತು. ಅವಳು ದುರುಗುಟ್ಟಿ ನೋಡಿದಳು. ಕೈ ವಾಪಸು ಬಂತು.

"ಹಂಗಾರ ಉಳಿದ ಎರಡು ಬೂಟು ನನಗ ಕೊಡ್ರಿ."

"ಎಂತಕ್ಕೆ? ನಿಮ್ಮ ಕಾಲಿಗೆ ಆಗುದಿಲ್ಲ."

"ಸ್ಟೋರ್‌ಕೀಪರ್ ಅಲ್ರೀ. ಜ್ವಾಪಾನ ಇಡೂದ ನನ್ನ ಕೆಲಸ."

ಹೊಸ ಬೂಟು ಪಳಗಬೇಕೆಂದರೆ ದಿನವಿಡೀ ಹಾಕಬೇಕು ಎಂದು ಅವನು ಹೇಳಿದ್ದ. ಮೈರಾ ಹಾಕಿದಳು, ಹತ್ತಿಯಿಲ್ಲದೆ. "ಎಂತದು ಮೈರಾ, ಗುಡ್ಡ ಹತ್ತಿ ಆಫೀಸಿಗೆ ಬಂದದ್ದಾ?" ಎಂದು ಅಕೌಂಟ್ಸಿನ ಜರ್ಟ್ರೂಡ್ ಆಂಟಿ ಕೇಳಿದರು. "ಇಲ್ಲ ಆಂಟಿ, ಹತ್ತಲಿಕ್ಕೆ ಹೊರಟದ್ದು." ಶುಕ್ರವಾರ ಚರ್ಚಿನ ಪೂಜೆಯಲ್ಲಿ ರೇಷ್ಮೆ ಚೂಡಿದಾರದ ಕೆಳಗೆ ಒಂದು ದೊಡ್ಡ, ಒಂದು ಚಿಕ್ಕ ಬೂಟು ಕಾಣುವಂತೆಯೇ ಪರಮಪ್ರಸಾದಕ್ಕೆ ನಡೆದಳು. ಟಕ್, ಟಕ್. ಬೆಂಚುಗಳಲ್ಲಿ ತಲೆಗಳು ತಿರುಗಿದವು. ಅವಳು ಬೇಕೆಂದೇ ನಿಧಾನ ನಡೆದಳು.

ಶನಿವಾರ ಬೆಳಿಗ್ಗೆ ಜಿಕ್ರೀತಿನಲ್ಲಿ ಪಂಚಪ್ಪ ತನ್ನ ಸೇಫ್ಟಿ ಬೂಟಿನಲ್ಲೇ ಹಾಜರಿದ್ದ, ತಾನೂ ಗುಂಪಿಗೆ ಹೆಸರು ಕೊಟ್ಟು. ಬಿಳಿ ಸುಣ್ಣಕಲ್ಲು, ಸಮುದ್ರದ ಕಡೆಯ ಗಾಳಿ. ಹತ್ತನೆಯ ಕಿಲೋಮೀಟರಿಗೆ ಅವಳ ಹಳೆಯ ಹೊಲಿಗೆಯ ಜಾಗ ಉರಿಯತೊಡಗಿತು. ಗುಂಪು ಮುಂದೆ ಹೋಯಿತು. ಅವನು ಪಕ್ಕದಲ್ಲೇ ಉಳಿದ. ಎದುರಿಗೆ ಕಡಿದಾದ ಏರು.

"ಕೈ ಕೊಡುದಿಲ್ವಾ?"

"ಕೇಳಿದ್ರ ಕೊಡ್ತೀನಿ."

"ಕೇಳುದಿಲ್ಲ."

"ಗೊತ್ತೈತಿ. ಅದಕ್ಕ ಸುಮ್ಮನದೀನಿ."

ಅವಳು ಕಲ್ಲು ಹಿಡಿದು, ಮೊಣಕೈ ಊರಿ ಹತ್ತಿದಳು. ಮೇಲೆ ಬಂದಾಗ ಇಬ್ಬರಿಗೂ ಉಸಿರಿರಲಿಲ್ಲ.

"ಮೈರಾ," ಎಂದ. ಮೊದಲ ಸಲ ಹೆಸರು ಹಿಡಿದು ಕರೆದಿದ್ದ. "ಆ ಉಳಿದ ಜೋಡಿ ನನ್ನ ರೂಮಿನ ಬಾಗಲದಾಗ ಇಟ್ಟೀನಿ. ದಿನಾ ಡ್ಯೂಟಿ ಮುಗಿಸಿ ಬಂದ್ರ, ನೀವು ಒಳಗದೀರಿ ಅನಸ್ತದ."

ಗಾಳಿಗೆ ಅವಳ ಕಣ್ಣು ತುಂಬಿತು. ಗಾಳಿಗೇ ಇರಬೇಕು.

"ರೂಮಿನವರು ಕೇಳುದಿಲ್ವಾ, ಯಾರದ್ದು ಅಂತ?"

"ಕೇಳ್ತಾರ. ನಾ ಇನ್ನೂ ಹೇಳಿಲ್ಲ."

"ಹೇಳಿ. ಮೈರಾಂದು ಅಂತ."

ಅಲ್ಲಿಂದಾಚೆಗೆ ನೆಲ ಅಂಗೈಯಂತೆ ಸಮವಾಗಿತ್ತು. ಆಸರೆ ಬೇಕಿಲ್ಲದ ಆ ನೆಲದಲ್ಲಿ ಅವಳೇ ಅವನ ಕೈ ಹಿಡಿದಳು.

ಕೊನೆಯ ಕಿಲೋಮೀಟರಿನಲ್ಲಿ ಎದುರಿನಿಂದ ಗುಂಪಿನ ಜೀಪು ಬಂತು. ಝೇವಿಯರ್ ಬಾಗಿಲು ತೆರೆದ. ಒಳಗಿನ ಏಸಿಯ ತಂಪು ಅವಳ ಮುಖಕ್ಕೆ ತಾಗಿತು.

"ಕುಂಟ್ತಾ ಇದ್ದೀಯಲ್ಲ ಮೈರಾ. ಇನ್ನು ಒಂದೇ ಕಿಲೋಮೀಟರ್, ಸಾಕು ಬಿಡು, ಜೀಪು ಹತ್ತು. ಯಾರಿಗೂ ಹೇಳುದಿಲ್ಲ. ಲಿಸ್ಟಲ್ಲಿ ನಿನ್ನ ಹೆಸರು ಬರೆದೇ ಬಿಟ್ಟಿದ್ದೇನೆ, ನೋಡು."

ಕಾಗದವನ್ನು ಹೊರಗೆ ಚಾಚಿದ. ಪಂಚಪ್ಪನ ಬೆರಳುಗಳು ಅವಳ ಕೈಯೊಳಗೆ ಹಾಗೆಯೇ ಇದ್ದವು.

ಮೈರಾ ಇನ್ನೊಂದು ಕೈಯಿಂದ ಜೀಪಿನ ಬಾಗಿಲನ್ನು ಹೊರಗಿನಿಂದ ದೂಡಿ ಮುಚ್ಚಿದಳು.

"ಹತ್ತುದಿಲ್ಲ."