ಮೂರು ಮೀಟರ್ ನಲವತ್ತೈದು

೧೯೯೭ನೇ ಇಸವಿ ಸೆಪ್ಟೆಂಬರ್ ಹದಿನೈದು, ಸೋಮವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ನದಿ ಮಾಪನ ಕಚೇರಿಯ ಕಿರಿಯ ಎಂಜಿನಿಯರ್ ಅಫಜಲಪುರ ಠಾಣೆಯ ಮೆಟ್ಟಿಲು ಹತ್ತಿದರು. ಕೈಯಲ್ಲಿ ಟೈಪು ಮಾಡಿಸಿದ ದೂರಿನ ಮೂರು ಪ್ರತಿ ಇದ್ದವು. ಭೀಮಾ ನದಿಯ ಮಣ್ಣೂರ ಘಾಟಿನಲ್ಲಿ ನೀರಿನ ಮಟ್ಟ ಅಳೆದು, ತಾನೇ ವೈರ್‌ಲೆಸ್‌ನಲ್ಲಿ ಜೇವರ್ಗಿ ಕಚೇರಿಗೆ ತಿಳಿಸುವ ಯಂತ್ರವನ್ನು ನಿನ್ನೆ ಹಗಲು ಯಾರೋ ಒಡೆದಿದ್ದಾರೆ, ಸಂಶಯ ಮಲಂಗಸಾಬನ ಮೇಲೆ ಎಂದು ಅದರಲ್ಲಿತ್ತು.

ಹೆಡ್ ಕಾನ್‌ಸ್ಟೇಬಲ್ ದೌಲತರಾಯ ಆ ಹೆಸರನ್ನು ಎರಡು ಸಲ ಓದಿದ. ಮಲಂಗಸಾಬ ಅವನಿಗೆ ಹೊಸಬನಲ್ಲ. ಇಪ್ಪತ್ತೆರಡು ವರ್ಷ ದಿನಗೂಲಿಯ ಮೇಲೆ ಮಣ್ಣೂರ ಘಾಟಿನ ಗೇಜು ಓದಿದವನು. ಹಗಲೆಲ್ಲ ತಾಸಿಗೊಮ್ಮೆ ಮೆಟ್ಟಿಲ ಮೇಲೆ ಬಳಿದ ಅಳತೆಪಟ್ಟಿ ನೋಡಿ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದ. ನೀರು ಐದು ಮೀಟರಿನ ಕೆಂಪು ಗೆರೆಯ ಹತ್ತಿರ ಬಂದರೆ ಅಂಚೆ ಕಚೇರಿಯಿಂದ ಠಾಣೆಗೆ ಫೋನ್ ಮಾಡುತ್ತಿದ್ದ. ಮಣ್ಣೂರಿನಲ್ಲಿ ಬೆಳಿಗ್ಗೆ ಏರಿದ ನೀರು ಜೇವರ್ಗಿ ಕಡೆಯ ಘಾಟು ಮುಟ್ಟುವಷ್ಟರಲ್ಲಿ ಸಂಜೆಯಾಗುತ್ತದೆ. ಅಷ್ಟರೊಳಗೆ ಠಾಣೆಯವರು ಸುದ್ದಿ ಮುಟ್ಟಿಸಿ ಅಲ್ಲಿಯ ದೋಣಿ ನಿಲ್ಲಿಸುತ್ತಿದ್ದರು. ಈ ವರ್ಷ ಜೂನ್‌ನಲ್ಲಿ ಯಂತ್ರ ಬಂತು, ಮಲಂಗಸಾಬನಿಗೆ ನಾಳೆಯಿಂದ ಬರಬೇಡ ಎಂದರು.

ಬರಬೇಡ ಎಂದರೆ ಸುಮ್ಮನಿರುವ ಜೀವವಲ್ಲ ಅದು. ಆಗಸ್ಟ್ ಇಪ್ಪತ್ತಾರರ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಯ ಫೋನ್ ರಿಂಗಾಗಿತ್ತು. ಎತ್ತಿದವನು ದೌಲತರಾಯ, ಆ ಕಡೆ ಮಲಂಗಸಾಬ.

"ನೀರ ಐದು ಮೀಟರ್ ದಾಟ್ಯಾದ್ರಿ ಜಮಾದಾರ್ರ. ಕೆಳಗ ದೋಣಿ ನಿಂದರಸ್ರಿ."

ದೌಲತರಾಯ ಜೇವರ್ಗಿ ಕಚೇರಿಗೆ ಕೇಳಿದ. ಯಂತ್ರ ಮೂರು ನಲವತ್ತೈದು ತೋರಿಸುತ್ತಿದೆ ಎಂದರು. ಅವನು ಮಲಂಗಸಾಬನಿಗೆ, "ಮಷೀನ್ ಮೂರೂ ನಲವತ್ತೈದ ಅಂತದೋ ಮಾರಾಯಾ. ನೀ ಮನೀಗಿ ಹೋಗು," ಎಂದು ನಕ್ಕು ಫೋನ್ ಇಟ್ಟ. ಸಂಜೆ ಐದಕ್ಕೆ ಕೆಳಗಿನ ಘಾಟಿನಲ್ಲಿ ದೋಣಿ ಮಗುಚಿತು. ಆರು ಮಂದಿ ಈಜಿ ದಡ ಸೇರಿದರು. ಏಳು ತಿಂಗಳ ಬಸುರಿ ಸುಮಿತ್ರಾಬಾಯಿ ಸೇರಲಿಲ್ಲ. ಅವಳು ತವರೂರು ಮಣ್ಣೂರಿಗೆ ಹೊರಟಿದ್ದಳು.

ಆ ಫೋನಿನ ಸಂಗತಿ ಠಾಣೆಯ ಡೈರಿಯಲ್ಲಿಲ್ಲ. ಆ ದಿನ ಡೈರಿ ಬರೆಯಬೇಕಾಗಿದ್ದವನೂ ದೌಲತರಾಯನೇ. ಅಂದಿನಿಂದ ಅವನಿಗೆ ಊಟ ರುಚಿಸುತ್ತಿಲ್ಲ. ಹೆಂಡತಿ ಪಿತ್ತ ಎಂದುಕೊಂಡು ಜೀರಿಗೆ ಕಷಾಯ ಕಾಸಿ ಕೊಡುತ್ತಿದ್ದಾಳೆ.

"ಮಲಂಗಸಾಬನ್ನ ವಾಪಸ್ ತಗೋತಾರಂತಲ್ರಿ?" ಎಂದು ಅವನು ಎಂಜಿನಿಯರ್ ಸಾಹೇಬರನ್ನು ಕೇಳಿದ.

"ಫೈಲ್ ಹೋಗಿದೆ," ಎಂದರು ಅವರು. ತುಮಕೂರು ಕಡೆಯವರು, ಮಾತು ಅಳೆದು ತೂಗಿ. "ಆವತ್ತು ಯಂತ್ರ ಯಾಕೆ ತಪ್ಪು ಹೇಳಿತು ಅಂತ ಗೊತ್ತಾಗಿಲ್ಲ. ಕಂಪನಿಯವರು ಬಂದು ನೋಡೋವರೆಗೆ ಮನುಷ್ಯನೂ ಇರಲಿ ಅಂತ ಮೇಲಿನವರ ಯೋಚನೆ ಇತ್ತು. ಈಗ ಕೇಸಾದರೆ ಅದೂ ಮುಗೀತು."

ಸಬ್ ಇನ್‌ಸ್ಪೆಕ್ಟರ್ ಶಾಂತಲಿಂಗಪ್ಪ ಅಪರಾಧ ಸಂಖ್ಯೆ ೬೧/೯೭ ಎಂದು ಎಫ್‌ಐಆರ್ ದಾಖಲಿಸಿದರು. ಐಪಿಸಿ ೪೨೭, ಜೊತೆಗೆ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ. ಒಬ್ಬಳನ್ನು ತನ್ನ ಆ ನಗು ಮುಳುಗಿಸಿತು, ಈಗ ಈ ಮುದುಕನೂ ಜೈಲಿಗೆ ಹೋದರೆ ತಾನು ಯಾವ ಮುಖ ಹೊತ್ತು ತಿರುಗುವುದು ಎಂದುಕೊಳ್ಳುತ್ತ ದೌಲತರಾಯ ಮಣ್ಣೂರಿಗೆ ಹೊರಟ ಜೀಪಿನ ಹಿಂದಿನ ಸೀಟಿನಲ್ಲಿ ಕೂತ.

ಮಧ್ಯಾಹ್ನ ಒಂದೂ ಕಾಲಿಗೆ ಇಬ್ಬರು ಪಂಚರ ಎದುರಿನಲ್ಲಿ ಪಂಚನಾಮೆ ಶುರುವಾಯಿತು. ಘಾಟಿನ ಕೆಳ ಮೆಟ್ಟಿಲಿನಲ್ಲಿ ಸಿಮೆಂಟಿನ ದಪ್ಪ ಕೊಳವೆ ನಿಲ್ಲಿಸಿದ್ದರು. ಒಳಗೆ ತೇಲುಗುಂಡು, ಅದಕ್ಕೆ ತಂತಿ, ತಂತಿಯ ತುದಿಗೆ ಮೇಲೊಂದು ಪೆಟ್ಟಿಗೆ, ಏರಿಯಲ್ಲು, ಬಿಸಿಲಿನ ಫಲಕ. ನೀರು ಏರಿದರೆ ಗುಂಡು ಏರುತ್ತದೆ, ಪೆಟ್ಟಿಗೆ ಜೇವರ್ಗಿಗೆ ಹೇಳುತ್ತದೆ, ಅಷ್ಟೇ ಅದರ ವಿದ್ಯೆ.

"ಬ್ಯಾಟರಿ ಅದ," ಎಂದ ದೌಲತರಾಯ. "ಫಲಕ ಅದ. ಪೆಟ್ಟಿಗೀಗಿ ಒಂದ ಗೀರೂ ಬಿದ್ದಿಲ್ರಿ ಸಾಹೇಬ್ರ."

"ಅದಕ್ಕೇನೀಗ?"

"ಕಳ್ಳ ಆಗಿದ್ರ ಬ್ಯಾಟರಿ ಒಯ್ತಿದ್ದ. ಮಷೀನಿನ ಮ್ಯಾಲ ಸಿಟ್ಟಿದ್ದವ ಪೆಟ್ಟಿಗಿ ಜಜ್ಜತಿದ್ದ. ಇವರು ಕೊಳವಿ ಒಂದs ಒಡದಾರ."

ಕೊಳವೆ ಎದೆಯೆತ್ತರದಲ್ಲಿ ಒಡೆದಿತ್ತು. ತೇಲುಗುಂಡನ್ನು ಹೊರತೆಗೆದು, ಉರುಳದಂತೆ ಒಂದು ಕಲ್ಲು ಆನಿಸಿ ಮೆಟ್ಟಿಲ ಮೇಲೆ ಇಟ್ಟಿದ್ದರು. ಒಡೆದ ಚೂರುಗಳ ಮೇಲೆ ಬಳೆಯಷ್ಟು ಅಗಲದ ದುಂಡು ಗುರುತುಗಳು. ಜೋಳ ಕುಟ್ಟುವ ಒನಕೆಯ ತುದಿಗೆ ಕಬ್ಬಿಣದ ಕಟ್ಟು ಹಾಕಿಸಿರುತ್ತಾರಲ್ಲ, ಅದು ಮೂಡಿಸುವ ಗುರುತು ದೌಲತರಾಯನಿಗೆ ಅವ್ವನ ಕಾಲದಿಂದ ಗೊತ್ತು. ಕೊಳವೆಯ ಬುಡದ ರಾಡಿಯಲ್ಲಿ ಊದಿದ ಅಕ್ಕಿಕಾಳು, ಒಂದು ಅರಿಸಿನ ಕೊಂಬು, ನಾಲ್ಕು ಹಸಿರು ಬಳೆಚೂರು ಸಿಕ್ಕವು. ಎಲ್ಲವನ್ನೂ ಲಕೋಟೆಗೆ ಹಾಕಿ ಪಂಚರ ಸಹಿ ತೆಗೆದುಕೊಂಡರು.

ಮಲಂಗಸಾಬನನ್ನು ಮೂರು ಗಂಟೆಗೆ ಪಂಚಾಯತಿ ಕಟ್ಟೆಗೆ ಕರೆಸಿದರು. ಅರವತ್ತರ ಹತ್ತಿರದ ಸಣಕಲು ಮನುಷ್ಯ, ನೋಟುಬುಕ್ಕನ್ನು ಎದೆಗೆ ಒತ್ತಿಕೊಂಡೇ ಬಂದ. ಶಾಂತಲಿಂಗಪ್ಪ ಕೈಚಾಚಿದಾಗ ಕೊಡಲಾರದೆ ಕೊಟ್ಟ.

"ಜೂನ್‌ದಾಗ ತಗದಾರ ನಿನ್ನ. ಇನ್ನೂ ಯಾಕ ಬರಿತಿ?"

"ರೂಢಿ ಬಿಡಂಗಿಲ್ರಿ."

"ನಿನ್ನೆ ಎಲ್ಲಿದ್ದಿ?"

"ಘಾಟಿನ್ಯಾಗ."

"ಒಡದವರ್ನ ನೋಡಿದಿ?"

ಮಲಂಗಸಾಬ ನದಿಯ ಕಡೆ ನೋಡಿದ. "ನಾನs ಒಡದೀನಿ. ಬರಕೋರಿ."

ಶಾಂತಲಿಂಗಪ್ಪನವರ ಮುಖ ಅರಳಿತು. ಒಂದೇ ದಿನಕ್ಕೆ ಕೇಸು ಬಗೆಹರಿದರೆ ಯಾರಿಗೆ ಬೇಡ?

"ಯಾವುದರಲೆ ಒಡದಿ?" ಎಂದು ದೌಲತರಾಯ ನಡುವೆ ಬಾಯಿ ಹಾಕಿದ.

"ಕೊಡ್ಲೀಲೆ."

ಕೊಡಲಿಯ ಗುರುತು ಅಲ್ಲಿ ಒಂದೂ ಇರಲಿಲ್ಲ. ದೌಲತರಾಯ ನೋಟುಬುಕ್ಕು ತೆರೆದು ನಿನ್ನೆಯ ಪುಟ ನೋಡಿದ. ಹನ್ನೆರಡು ಗಂಟೆ, ಎರಡು ಮೀಟರ್ ತೊಂಬತ್ತು. ಎರಡು ಗಂಟೆ, ಎರಡು ಎಂಬತ್ತೆಂಟು. ನಡುವೆ ಒಂದು ಗಂಟೆಯ ಎದುರು ಖಾಲಿ. ಹಿಂದಿನ ಪುಟಗಳನ್ನೆಲ್ಲ ತಿರುವಿದ. ಮಗನ ಮದುವೆಯ ದಿನ, ಅವ್ವ ತೀರಿಕೊಂಡ ದಿನ ಕೂಡ ಈ ಮನುಷ್ಯ ಒಂದು ಗೆರೆ ಬಿಟ್ಟವನಲ್ಲ. ಆ ಒಂದು ತಾಸು ಇವನು ಏನನ್ನೋ ನೋಡಿ, ನೋಡಬಾರದೆಂದು ಬೆನ್ನು ತಿರುಗಿಸಿ ಹೋಗಿದ್ದಾನೆ ಎಂದು ದೌಲತರಾಯನಿಗೆ ಖಾತ್ರಿಯಾಯಿತು.

"ಸಾಹೇಬ್ರ, ಎರಡ ದಿನ ಕೊಡ್ರಿ ನಂಗ," ಎಂದ.

ಮರುದಿನ ಮಂಗಳವಾರ ಹನ್ನೊಂದಕ್ಕೆ ಅವನು ಜೇವರ್ಗಿ ಕಚೇರಿಯಲ್ಲಿದ್ದ. ಯಂತ್ರ ಕಳಿಸಿದ ಅಂಕಿಗಳನ್ನೆಲ್ಲ ಉದ್ದನೆಯ ಹಾಳೆಯಲ್ಲಿ ಅಚ್ಚು ಮಾಡಿ ಇಟ್ಟಿದ್ದರು. ಆಗಸ್ಟ್ ಇಪ್ಪತ್ತೆರಡು, ಶುಕ್ರವಾರ ಸಂಜೆಯವರೆಗೆ ಅಂಕಿ ಏರುತ್ತ ಇಳಿಯುತ್ತ ಇತ್ತು. ಆರೂವರೆಗೆ ಮೂರು ನಲವತ್ತೈದು. ಆಮೇಲೆ ಹಾಳೆ ಮುಗಿಯುವವರೆಗೂ ಅದೇ ಅಂಕಿ. ಹೊಳೆ ತುಂಬಿ ಹರಿದ ದಿನವೂ ಅದೇ.

"ದೋಣಿ ಮಗಚೋತನಕ ನಾಕ ದಿನ ಹೊಳಿ ಒಂದs ಕಡೆ ನಿಂತದಂತ ಯಾರಿಗೂ ಅನುಮಾನ ಬರ್ಲಿಲ್ಲೇನ್ರಿ?"

"ಯಂತ್ರ ಅಲ್ಲವಾ, ನಂಬಿದೆವು," ಎಂದರು ಎಂಜಿನಿಯರ್. ಆಮೇಲೆ ತಮಗೇ ಸಮಾಧಾನ ಹೇಳಿಕೊಳ್ಳುವವರಂತೆ ಮುಂದುವರಿಸಿದರು. "ಇದು ಮೊದಲನೆಯದು. ಇನ್ನು ಹತ್ತಿಪ್ಪತ್ತು ವರ್ಷದಲ್ಲಿ ಪಂಪು, ಮೀಟರು, ಕಾಲುವೆ ಗೇಟು, ಗಿರಣಿಯ ಮೋಟಾರು ಎಲ್ಲ ಒಂದರ ಜೊತೆ ಇನ್ನೊಂದು ಮಾತಾಡ್ತವೆ. ನೋಡಿಕೊಳ್ಳೋಕೆ ಆಳು ಬೇಡ. ಕಂಪನಿಗಳು ಯಂತ್ರ ಮಾರೋದನ್ನೇ ಬಿಟ್ಟು, ಯಂತ್ರ ಹೇಳಿದ ಸುದ್ದಿ ಮಾರ್ತವೆ."

"ಸುಳ್ಳ ಸುದ್ದಿ ಮಾರಿದ್ರ ವಾಪಸ್ ತಗೋತಾವೇನ್ರಿ?"

ಎಂಜಿನಿಯರ್ ತಮ್ಮ ಪೆನ್ನು ಹುಡುಕತೊಡಗಿದರು. ದೌಲತರಾಯ ಹಾಳೆಯ ನಕಲು ಮಡಚಿಕೊಂಡು ಎದ್ದ.

ಸಂಜೆ ನಾಲ್ಕಕ್ಕೆ ಮಲಂಗಸಾಬನ ಮನೆಗೆ ಹೋದ. ಹೆಂಡತಿ ಪೀರಬಿ ಮಣ್ಣೂರಿಗೆಲ್ಲ ಬಳೆ ಇಡುವವಳು. ದೌಲತರಾಯ ಲಕೋಟೆ ಬಿಚ್ಚಿ ಚೂರುಗಳನ್ನು ಅವಳ ಅಂಗೈಗೆ ಸುರಿದ.

"ನಿನ್ನ ಬಳೀನಾ ಇವು?"

ಪೀರಬಿ ಚೂರುಗಳನ್ನು ನೋಡಿದಳು, ಬಾಗಿಲಲ್ಲಿ ನಿಂತ ಗಂಡನನ್ನು ನೋಡಿದಳು. "ಕುಬಸದ ಬಳಿ," ಎಂದಳು. ಏಳನೇ ತಿಂಗಳ ಸೀಮಂತಕ್ಕೆ ತವರಿನವರು ಬಸುರಿಯ ಕೈಗೆ ಇಡಿಸುವ ಹಸಿರು ಬಳೆ.

"ಮಾತಾಡಬ್ಯಾಡ ಬೇ," ಎಂದ ಮಲಂಗಸಾಬ.

"ನೀ ಜೇಲಿಗಿ ಹೋಗು, ನಾ ಏನ ತಿನ್ಲಿ?" ಪೀರಬಿ ದೌಲತರಾಯನ ಕಡೆ ತಿರುಗಿದಳು. "ಶ್ರಾವಣದಾಗ ದೋಣಿ ಮಗಚೂ ಮೊದಲಿನ ಶುಕ್ರವಾರ ಒಬ್ಬಾಕಿನs ತಗೊಂಡಾಳ್ರಿ, ಕಸ್ತೂರಿಬಾಯಿ. ಮಗಳು ಸುಮಿತ್ರಾಗ ಕುಬಸ ಮಾಡಬೇಕಿತ್ತು, ಬೀಗರು ಕಳಸ್ಲಿಲ್ಲ. ಕೈಗಿ ಇಡಾಕ ಮಗಳಿಲ್ಲ, ಬಳಿ ಯಾಕವ್ವ ಅಂದೆ. ಬೇಕು ಕೊಡು ಅಂದಳು."

ಮಲಂಗಸಾಬ ಗೋಡೆಯ ಕಡೆ ಮುಖ ಮಾಡಿ ಕೂತ. ಗಂಡನನ್ನು ಉಳಿಸಿಕೊಂಡ ಪೀರಬಿ ಗೆದ್ದವಳಂತೆ ಕಾಣಲಿಲ್ಲ, ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಬುಧವಾರ ಆಳಂದದಿಂದ ಮಹಿಳಾ ಪೇದೆ ಖುರ್ಷಿದಳನ್ನು ಕರೆಸಿಕೊಂಡು ಹತ್ತು ಗಂಟೆಗೆ ಕಸ್ತೂರಿಬಾಯಿಯ ಮನೆಗೆ ಹೋದರು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಐವತ್ತರ ಗಟ್ಟಿ ಹೆಂಗಸು. ಒರಳಿನ ಪಕ್ಕ ಒನಕೆ ಒರಗಿತ್ತು, ಕಟ್ಟಿನ ಸುತ್ತ ಸಿಮೆಂಟಿನ ಬಿಳುಪು ಇನ್ನೂ ಹೋಗಿರಲಿಲ್ಲ. ಅಂಗಳದ ಹಗ್ಗದ ಮೇಲೆ ಕುಪ್ಪಸದ ಹಸಿರು ಖಣವೊಂದು ಒಣಗಲು ಹಾಕಿತ್ತು. ಯಾರೂ ಏನೂ ಹುಡುಕುವ ಕೆಲಸವೇ ಇರಲಿಲ್ಲ.

"ಕೊಳವಿ ಒಡದಾಕಿ ನೀನೇನ?" ಎಂದರು ಶಾಂತಲಿಂಗಪ್ಪ.

"ಹೌದ್ರಿ."

"ಯಾಕ?"

"ನನ್ನ ಮಗಳ ಖಣ ಒಳಗಿತ್ರಿ."

"ಅದರಾಗ ಯಾಕ ಹಾಕಿದ್ದಿ?"

ಕಸ್ತೂರಿಬಾಯಿ ಒಂದೊಂದೇ ಮಾತು ಎತ್ತಿಟ್ಟಂತೆ ಹೇಳಿದಳು. ಜೂನ್‌ನಲ್ಲಿ ಯಂತ್ರ ನಿಲ್ಲಿಸಿದ ದಿನ ಕಂಪನಿಯ ಸಾಹೇಬ ಊರ ಮಂದಿಯ ಮುಂದೆ ಭಾಷಣ ಮಾಡಿದ್ದ. ಇಲ್ಲಿ ಹೊಳೆ ಏನು ಹೇಳಿದರೂ ಅದೇ ಗಳಿಗೆಗೆ ಜೇವರ್ಗಿಗೆ ಕೇಳುತ್ತದೆ ಎಂದಿದ್ದ. ಮಗಳನ್ನು ಕೊಟ್ಟ ಊರು ಜೇವರ್ಗಿ ಕಡೆಗೇ. ಬೀಗರು ಮಾತು ಬಿಟ್ಟಿದ್ದರು, ಕಳಿಸಿದ ಮನುಷ್ಯರನ್ನು ಬಾಗಿಲಿಂದಲೇ ತಿರುಗಿಸಿದ್ದರು. ಏಳು ತಿಂಗಳು ತುಂಬುತ್ತಿತ್ತು, ತವರಿನ ಕುಬಸ ಮೈಮೇಲೆ ಬಿದ್ದಿರಲಿಲ್ಲ. ಹೊಳೆಗೆ ಉಡಿ ತುಂಬುವುದು ಹಿಂದಿನಿಂದ ಬಂದದ್ದು. ಈ ಸಲ ಅವಳು ಮೆಟ್ಟಿಲ ಮೇಲೆ ಇಡದೆ, ಕೊಳವೆಯ ಸಣ್ಣ ಬಾಗಿಲು ತೆರೆದು ಖಣ, ಬಳೆ, ಅಕ್ಕಿ ಒಳಗಿಟ್ಟು, ನನ್ನ ಸುಮಿಗೆ ಮುಟ್ಟಿಸವ್ವ ಎಂದು ಬಾಗಿಲು ಹಾಕಿದಳು.

"ಮೂರ ದಿನಕ್ಕ ಬೀಗರಿಂದ ಹೇಳಿ ಕಳಿಸಿದ್ರು, ಮಂಗಳವಾರ ಕಳಸ್ತೀವಂತ. ಮುಟ್ಟೇದ ನೋಡ್ರಿ, ಮಷೀನ್ ಕೇಳೇದ ಅಂತ ಓಣಿ ತುಂಬ ಹೇಳಕೋತ ತಿರಗೀನಿ."

ಖುರ್ಷಿದ ತಲೆ ತಗ್ಗಿಸಿದಳು.

"ಮೊನ್ನಿ ಶನಿವಾರ ಮಲಂಗಣ್ಣ ಹೋಟೆಲ್ ಮುಂದ ಯಾರಿಗೋ ಹೇಳಾಕತ್ತಿದ್ದ. ಕೊಳವಿ ಬಾಗಲಾ ತಗದು ನೋಡಿದೆ, ಗುಂಡಿಗಿ ಹಸರ ಖಣ ಸುತಗೊಂಡದ, ಅದಕ್ಕs ನೀರ ಏರಿದ್ದು ಮಷೀನಿಗಿ ತಿಳಿದಿಲ್ಲ ಅಂತ. ಆಗ ತಿಳೀತ್ರಿ ನಂಗ. ನನ್ನ ಮಗಳ್ನ ನಾನs ಹೊಳಿಗಿ ಕೊಟ್ಟೀನಿ." ಅವಳು ಹಗ್ಗದ ಕಡೆ ಕೈ ತೋರಿಸಿದಳು. "ಕೈ ಹಾಕಿದ್ರ ಸಿಗ್ಲಿಲ್ಲ, ಅದಕ್ಕ ಒಡದೆ. ಒಣಗಿದ ಮ್ಯಾಲ ಅಕಿನ ಹೂಳಿದ ಮಣ್ಣಾಗ ಇಟ್ಟು ಬರ್ಬೇಕಂತ ಮಾಡಿದ್ದೆ."

ಹತ್ತು ಐವತ್ತಕ್ಕೆ ಆರೋಪಿಯನ್ನು ದಸ್ತಗಿರಿ ಮಾಡಲಾಯಿತು. ಖಣ ಕೋರ್ಟಿಗೆ ಒಪ್ಪಿಸಬೇಕಾದ ಮುದ್ದೆಮಾಲು. ದೌಲತರಾಯನೇ ಹಗ್ಗದಿಂದ ತೆಗೆದು ಮಡಚಿದ. ರಾಡಿ ಹೋಗಲೆಂದು ಮತ್ತೆ ಮತ್ತೆ ತೊಳೆದದ್ದು ಇನ್ನೂ ಸ್ವಲ್ಪ ಹಸಿಯಿತ್ತು, ಅರಗಿನ ಮುದ್ರೆ ಹಿಡಿಯಲು ಎರಡು ಸಲ ಒತ್ತಬೇಕಾಯಿತು.

ಠಾಣೆಯಲ್ಲಿ ಹೆಬ್ಬೆಟ್ಟು ಒತ್ತಿಸುವಾಗ ಕಸ್ತೂರಿಬಾಯಿ ಮೆಲ್ಲಗೆ ಕೇಳಿದಳು.

"ಆವತ್ತ ಮಲಂಗಣ್ಣ ಇಲ್ಲಿಗಿ ಫೋನ್ ಮಾಡಿದ್ನಂತ. ಯಾರ ಎತ್ತಿದ್ರಿ?"

ಶಾಂತಲಿಂಗಪ್ಪ ಒಳಗಿದ್ದರು. ಖುರ್ಷಿದ ನೀರು ತರಲು ಹೋಗಿದ್ದಳು. ಸುಳ್ಳು ಹೇಳಲು ದೌಲತರಾಯನಿಗೆ ಯಾವ ಅಡ್ಡಿಯೂ ಇರಲಿಲ್ಲ.

"ನಾನವ್ವ," ಎಂದ.

ಬೈಯಲಿ, ಮುಖಕ್ಕೆ ಉಗುಳಲಿ ಎಂದು ಅವನು ಕಾದ. ಅವಳು ಮಸಿ ಹತ್ತಿದ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡಳು.

"ನೀನೂ ಮಷೀನ್ ನಂಬಿದೇನಪ್ಪ," ಎಂದಳು.

ಅಕ್ಟೋಬರ್ ಒಂಬತ್ತರಂದು ನದಿ ಮಾಪನ ಕಚೇರಿಯಿಂದ ಠಾಣೆಗೆ ಧನ್ಯವಾದದ ಪತ್ರ ಬಂತು. ಯಂತ್ರದಲ್ಲಿ ದೋಷವಿರಲಿಲ್ಲ, ಹೊರಗಿನ ವಸ್ತು ಸೇರಿದ್ದೇ ಕಾರಣ ಎಂಬುದು ಪೊಲೀಸ್ ತನಿಖೆಯಿಂದ ಸ್ಪಷ್ಟವಾಗಿದೆ. ಆದ್ದರಿಂದ ಮಣ್ಣೂರಿನಲ್ಲಿ ಹೊಸ ಕೊಳವೆಗೆ ಕಬ್ಬಿಣದ ಜಾಳಿಗೆ ಹಾಕಲಾಗುವುದು, ಗೇಜ್ ರೀಡರ್‌ನ ಮರುನೇಮಕದ ಅಗತ್ಯವಿಲ್ಲ. ಇನ್ನೂ ಹನ್ನೊಂದು ಘಾಟುಗಳಿಗೆ ಇಂಥದೇ ಯಂತ್ರ ಮಂಜೂರಾಗಿದೆ. ಮಲಂಗಸಾಬನನ್ನು ಉಳಿಸಲೆಂದು ದೌಲತರಾಯ ಒಂದೊಂದು ಕಾಳು ಹೆಕ್ಕಿ ಬರೆದ ಪಂಚನಾಮೆಯೇ ಮಲಂಗಸಾಬನ ಫೈಲು ಮುಚ್ಚಿತು. ಹನ್ನೊಂದು ಘಾಟುಗಳಲ್ಲಿ ಇನ್ನೂ ಹನ್ನೊಂದು ಮಂದಿ ಮನೆಗೆ ಹೋಗುತ್ತಾರೆ, ಅವರ ಹೆಸರು ಯಾವ ಪತ್ರದಲ್ಲೂ ಇರುವುದಿಲ್ಲ.

ದೋಷಾರೋಪ ಪಟ್ಟಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ದೌಲತರಾಯ, ಸತ್ತ ಮಗಳ ಕುಬಸದ ಖಣ ಹಿಂದಕ್ಕೆ ಪಡೆಯಲು ಎಂದು ಬರೆದ. ಅಂದೇ ಠಾಣೆಯ ಡೈರಿ ತೆಗೆದು ಆಗಸ್ಟ್ ಇಪ್ಪತ್ತಾರರ ಪುಟ ನೋಡಿದ. ಒಂಬತ್ತು ಗಂಟೆಯ ನಮೂದಿಗೂ ಹತ್ತು ಗಂಟೆಯ ನಮೂದಿಗೂ ನಡುವೆ ಜಾಗವೇ ಇರಲಿಲ್ಲ. ಎಲ್ಲ ಒತ್ತೊತ್ತಾಗಿ, ಚೊಕ್ಕಟವಾಗಿ ಅವನೇ ಬರೆದಿದ್ದ.

ಜಾಮೀನಿನ ಮೇಲೆ ಹೊರಬಂದ ಕಸ್ತೂರಿಬಾಯಿ ಈಗ ಪ್ರತಿ ಮಂಗಳವಾರ ಠಾಣೆಗೆ ಬರುತ್ತಾಳೆ. ಬಂದು, ಖಣ ಯಾವಾಗ ಕೊಡ್ತೀರಪ್ಪ ಎನ್ನುತ್ತಾಳೆ. ಕೇಸ್ ಮುಗಿದ ಮ್ಯಾಲ ಕೋರ್ಟ್ ಕೊಡ್ತದವ್ವ ಎಂದು ದೌಲತರಾಯ ಹೇಳುತ್ತಾನೆ. ಆಗಲಿ ಎಂದು ಅವಳು ಬಾಗಿಲ ಬಳಿ ಸ್ವಲ್ಪ ಹೊತ್ತು ಕೂತು, ಮಣ್ಣೂರ ಬಸ್ಸಿಗೆ ಎದ್ದು ಹೋಗುತ್ತಾಳೆ.