ಮಾಸ್ಕ್ ಹಿಡಿದು ಜಾತಿ ಕೇಳಿದವನು

"ತ್ರಿವೇಣಿ, ನೀವು ಯಾವ ಜನರಿ?"

ಆಪರೇಷನ್ ಟೇಬಲ್ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದ ತ್ರಿವೇಣಿಗೆ ಒಂದು ಗಳಿಗೆ ಅಪೆಂಡಿಕ್ಸ್ ನೋವೇ ಮರೆತುಹೋಯಿತು. ಕೇಳಿದವನು ಹಾಲೇಶ್. ಹೊಸಪೇಟೆಯ ಈ ನರ್ಸಿಂಗ್ ಹೋಮಿನಲ್ಲಿ ಅರಿವಳಿಕೆ ಕೊಡುವ ಡಾಕ್ಟರ್, ಎರಡು ವರ್ಷದಿಂದ ಅವಳ ಪ್ರೀತಿಯ ಹುಡುಗ. ನರ್ಸ್ ದುರ್ಗಕ್ಕ ಪಕ್ಕದಲ್ಲಿದ್ದಾರೆಂದು ಇವತ್ತು ಬಹುವಚನ ಬೇರೆ!

ಸಿಟ್ಟು ಬರದೆ ಇರುತ್ತದೆಯೇ? ಹಂಪಿಯ ಹೊಳೆದಂಡೆಯಲ್ಲಿ ಕೂತು ಮಾತು ಕೊಟ್ಟವನು ಈ ಮಹಾಶಯನೇ ಅಲ್ಲವೇ? "ಜಾತಿ ನಾ ಕೇಳಂಗಿಲ್ಲ, ನೀ ಹೇಳಬ್ಯಾಡ. ಮದುವಿ ದಿನ ಹೇಳು, ಸಾಕು." ಸಂಡೂರಿನ ಗಣಿ ಲ್ಯಾಬಿನಲ್ಲಿ ಅದಿರು ಪರೀಕ್ಷಿಸುವ ಅವಳಿಗೆ ಬಾಡಿಗೆ ಮನೆಯವರಿಂದ ಹಿಡಿದು ಕ್ಯಾಂಟೀನಿನವರ ತನಕ ಎಲ್ಲರೂ ಹಾಕಿದ ಪ್ರಶ್ನೆ ಅದು. ಹಾಲೇಶ್ ಒಬ್ಬನೇ ಕೇಳಿರಲಿಲ್ಲ. ಅದಕ್ಕೇ ಮನಸೋತಿದ್ದಳು.

"ಮನುಷ್ಯರ ಪೈಕಿ," ಎಂದಳು.

"ತಮಾಷಿ ಬ್ಯಾಡ. ಔಷಧಕ್ಕ ಕೇಳ್ತಿದೀನಿ."

"ಔಷಧಕ್ಕೂ ಮೈಲಿಗಿ ಆಗ್ತದೇನ್ರಿ?"

ಮಾಸ್ಕಿನ ಮೇಲೆ ಅವನ ಕಣ್ಣಷ್ಟೇ ಕಾಣುತ್ತಿತ್ತು. ಹಾಳಾದ ಕಣ್ಣು, ಇಂಥ ಹೊತ್ತಿನಲ್ಲೂ ಚೆಂದ ಕಾಣಬೇಕೇ? ಅವಳು ಮುಖ ಆಚೆ ತಿರುಗಿಸಿದಳು.

"ಮಲಗಿಸೋ ಮುಂದ ಮೈ ಸಡಿಲಾಗೋ ಇಂಜೆಕ್ಷನ್ ಕೊಡ್ತೀವಿ. ಉಸಿರೂ ನಿಲ್ತದ," ಎಂದ ಹಾಲೇಶ್. "ಎಲ್ಲರ ರಕ್ತದಾಗ ಇರೋ ಒಂದು ಎಂಜೈಮ್ ಅದನ್ನ ನಿಮಿಷದಾಗ ಕರಗಿಸ್ತದ. ಕೆಲವು ಮನೆತನದಾಗ ಹುಟ್ಟಿನಿಂದ್ಲೇ ಅದು ಸರಿ ಇರಂಗಿಲ್ಲ. ಕೆಲವು ಜಾತಿ ಜನರಾಗ ಇದು ಜಾಸ್ತಿ. ಅಂಥೋರಿಗೆ ತಾಸುಗಟ್ಟಲೆ ನಾ ಬ್ಯಾಗ್ ಒತ್ತಿ ಉಸಿರು ಕೊಡಬೇಕು. ವೆಂಟಿಲೇಟರ್ ಇರೋದು ಬಳ್ಳಾರಿಯಾಗ."

"ಆದ್ರೂ ನನಗ ಕೇಳಂಗಿಲ್ಲ ಅಂದಿದ್ರಿ."

ಹಾಲೇಶ್ ಕೈಯಲ್ಲಿದ್ದ ಸಿರಿಂಜನ್ನು ಟ್ರೇನಲ್ಲಿಟ್ಟ.

"ಆತು, ಕೇಳಂಗಿಲ್ಲ. ನಿಮ್ಮ ಮನ್ಯಾಗ ಯಾರಿಗಾದ್ರೂ ಆಪರೇಷನ್ ಆದಮ್ಯಾಲ ಉಸಿರು ಬರಾಕ ತಡ ಆಗಿತ್ತೇನು?"

ತ್ರಿವೇಣಿ ಗಕ್ಕನೆ ಅವನ ಕಡೆ ತಿರುಗಿದಳು. ಕಂಪ್ಲಿಯ ಸುವರ್ಣಮ್ಮ ದೊಡ್ಡಮ್ಮ! ಗರ್ಭಕೋಶದ ಆಪರೇಷನ್ನಿಗೆ ಹೋದವಳು ಮರುದಿನದ ತನಕ ಪೈಪಿನಲ್ಲೇ ಉಸಿರಾಡಿದ್ದಳು. ದೃಷ್ಟಿ ತಾಗಿದೆಯೆಂದು ಮನೆಯವರು ನಿಂಬೆಹಣ್ಣು ನಿವಾಳಿಸಿದ್ದರು. ಅವಳು ಇದನ್ನೆಲ್ಲ ಹೇಳುತ್ತಿದ್ದಂತೆ ಹಾಲೇಶ್ ಸ್ಟೂಲಿನ ಮೇಲೆ ಕುಸಿದು ಕೂತ.

"ಇದನ್ನ ಮೊದಲೇ ಕೇಳಾಕ ಏನಾಗಿತ್ರಿ ನಿಮಗ?"

"ತಪ್ಪಾತು. ನಿನ್ನ ನೋವು ನೋಡಿ ನನ್ನ ತಲಿ ಓಡಲಿಲ್ಲ."

ಬಹುವಚನ ಜಾರಿತ್ತು. ದುರ್ಗಕ್ಕ ನಗು ತಡೆಯಲು ಹತ್ತಿ ಹುಡುಕತೊಡಗಿದರು.

"ಬೆನ್ನಿಗೇ ಸೂಜಿ ಕೊಡ್ತೀನಿ. ಸೊಂಟದ ಕೆಳಗಷ್ಟೇ ಮರಗಟ್ತದ, ನೀ ಎಚ್ಚರ ಇರ್ತಿ."

"ಅಯ್ಯ! ಆ ಸೂಜಿಗೆ ಹೆದರೇ ಅಲ್ಲೇನ್ರಿ, ಪೂರ್ತಿ ಮಲಗಸ್ರಿ ಅಂತ ನಾ ಗೋಗರೆದಿದ್ದು?"

"ಮಲಗಿಸಿ, ನೀ ಏಳಲಿಲ್ಲ ಅಂದ್ರ ನಾ ಏನು ಮಾಡ್ಲಿ ತ್ರಿವೇಣಿ? ನನಗ ನಿನ್ನ ಬಿಟ್ಟು ಬದುಕಾಕ ಬರಂಗಿಲ್ಲ."

ಎಲ್ಲರೆದುರು ಹೀಗೆಂದರೆ ಯಾರ ಜೊತೆ ಜಗಳ ಆಡುವುದು? ಅವಳು ಮುಖ ಊದಿಸಿಕೊಂಡೇ ಬೆನ್ನು ಬಗ್ಗಿಸಿ ಕೂತಳು.

ಸೂಜಿ ಅಂದುಕೊಂಡಷ್ಟು ನೋಯಲಿಲ್ಲ. ಹಸಿರು ಪರದೆಯಾಚೆ ಸರ್ಜನ್ ಕೆಲಸ ನಡೆಸಿದ್ದರು. ಈಚೆ ಹಾಲೇಶ್ ಅವಳ ತಲೆಯ ಬಳಿ ಕೂತು, ಒಂದು ಕೈಯಲ್ಲಿ ನಾಡಿ ಹಿಡಿದಿದ್ದ. ನಾಡಿ ನೋಡಲು ಮಷಿನ್ ಇತ್ತು, ಕೈ ಬೇಕಿರಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.

"ನಾವು ಶೆಟ್ರು," ಎಂದಳು ಮೆಲ್ಲಗೆ. "ವೈಶ್ಯರು."

"ನಾ ಕೇಳಲಿಲ್ಲಲ್ಲ! ಆದ್ರ ಆ ಎಂಜೈಮ್ ತೊಂದ್ರಿ ಜಾಸ್ತಿ ಇರೋದು ವೈಶ್ಯರಾಗೇ."

"ನಾನಾಗೇ ಹೇಳಿದೆ. ಮದುವಿ ದಿನ ಹೇಳು ಅಂದಿದ್ರಿ. ಹೇಳಿದ್ದಾತು. ಮುಂದ?"

ಹಾಲೇಶ್ ಅವಳನ್ನೇ ನೋಡಿದ. ಆಮೇಲೆ ಪರದೆಯ ಮೇಲೆ ಕತ್ತು ಚಾಚಿದ.

"ಸರ್, ಜಲ್ದಿ ಹೊಲಿಗಿ ಹಾಕ್ರಿ. ಹೊರಗ ಇವರ ಅಮ್ಮ ಕುಂತಾರ, ಒಂದು ಮಾತು ಕೇಳಬೇಕು."

"ಏನು ಕೇಳಬೇಕು ಅಂತ ಮೊದಲೇ ವಿಚಾರ ಮಾಡ್ಕೊಂಡು ಹೋಗ್ರಿ," ಎಂದಳು ತ್ರಿವೇಣಿ, "ಈ ಸಲನಾದ್ರೂ."